ಮಾತ್ರೆಗೂ ಉದ್ಯಾಪನೆಯೇ?

ತಿಪಟೂರಿನ ವಾರಿಜಾಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿ, ಹಾರ್ಮೋನ್ ಮಾತ್ರೆ ಶುರುವಾಗಿ ಐದು ವರ್ಷ ತುಂಬಿತು.

ಅತ್ತೆ ಕಾವೇರಮ್ಮನ ಲೆಕ್ಕ ಕೇಳಿ... ಹೊಸ ಮದುವಣಗಿತ್ತಿಯರ ಮಂಗಳಗೌರಿ ವ್ರತ ಐದು ವರ್ಷಕ್ಕೆ ಮುಗಿಯುತ್ತೆ, ಈ ಮಾತ್ರೆಯೂ ಹಾಗೇ!

ಸೊಸೆಯನ್ನು ಒಂದು ಮಾತೂ ಕೇಳದೆ ಉದ್ಯಾಪನೆಯ ಪೂಜೆ ಇಟ್ಟುಕೊಂಡು, ಬೀದಿಯ ಮುತ್ತೈದೆಯರನ್ನೆಲ್ಲ ಕರೆದೇಬಿಟ್ಟರು.

ಡಾಕ್ಟರ್ ಹೇಳಿದ್ದೇ ಬೇರೆ. “ನಿಮಗೆ ಕಂಕುಳಿನ ಗಂಟಿಗೂ ಹರಡಿತ್ತಮ್ಮ. ಇನ್ನೆರಡು ವರ್ಷ ತಗೊಂಡರೆ ವಾಪಸ್ ಬರೋ ಅಪಾಯ ಇನ್ನೂ ಸ್ವಲ್ಪ ಕಮ್ಮಿ ಆಗಬಹುದು. ಆದರೆ ಕೀಲುನೋವು, ಮೂಳೆ ಸವೆತದ ಕಾಟ ಇದೆ. ಇಲ್ಲಿಗೇ ನಿಲ್ಲಿಸಿದರೂ ತಪ್ಪಲ್ಲ. ನಿರ್ಧಾರ ನಿಮ್ಮದು.”

ಎಷ್ಟೋ ದಿನ ಬೆಳಗ್ಗೆ ಬೆರಳು ಮಡಚಲಾಗದೆ ಅತ್ತವಳು ವಾರಿಜಾ. ಆದರೂ ವಾರವಿಡೀ ಯೋಚಿಸಿ ಮನಸ್ಸು ಗಟ್ಟಿ ಮಾಡಿದಳು... “ಮುಂದುವರಿಸ್ತೀನಿ ಅತ್ತೆ.”

“ಅಯ್ಯೋ, ಹಾಗಾದ್ರೆ ಕದ್ದು ನುಂಗೇ! ಕಾಯಿಲೆ ವಾಪಸ್ ಬಂತು ಅಂತ ಊರೆಲ್ಲ ಗುಲ್ಲಾಗುತ್ತೆ. ನಿನ್ನ ಮಗಳಿಗೆ ಸಂಬಂಧ ಕುದುರ್ತಾ ಇದೆ. ಗಂಡಿನ ತಾಯೀನೂ ಪೂಜೆಗೆ ಬರ್ತಿದ್ದಾರೆ!”

ಪೂಜೆಯ ದಿನ ಆ ಗಂಡಿನ ತಾಯಿ ವಾರಿಜಾಳ ಹಣೆಗೆ ಕುಂಕುಮವಿಟ್ಟು ನಕ್ಕರು. “ಅಂತೂ ಮಾತ್ರೆ ಸಹವಾಸ ಮುಗೀತಲ್ಲ!”

ಹ್ಞೂಂ ಅಂದುಬಿಟ್ಟಿದ್ದರೆ ಮಗಳ ಮದುವೆ ಸಲೀಸಾಗಿ ನಡೆದುಹೋಗುತ್ತಿತ್ತು...

ವಾರಿಜಾ ಹ್ಞೂಂ ಅನ್ನಲಿಲ್ಲ.

“ಇಲ್ಲಮ್ಮ, ಮುಗಿದಿಲ್ಲ. ಇನ್ನೆರಡು ವರ್ಷ ತಗೋತೀನಿ. ಕಾಯಿಲೆ ಬಂದಿದೆ ಅಂತಲ್ಲ, ಬರಬಾರದು ಅಂತ. ಕೀಲುನೋವು ತಡ್ಕೋತೀನಿ, ಆ ಭಯ ನನ್ನ ಕೈಲಿ ತಡ್ಕೊಳ್ಳಕ್ಕಾಗಲ್ಲ.”

ಆಕೆಯ ಮುಖ ಗಂಟಾಯಿತು. “ಹಾಗಾದ್ರೆ ಈ ಮನೆ ಹೆಣ್ಣು ತರೋಕೆ ನಾವು ಯೋಚನೆ ಮಾಡ್ಬೇಕಾಗುತ್ತೆ.”

“ಮಾಡಿ! ಕಾಯಿಲೆ ಬಂದ್ರೆ ಮುಚ್ಚಿಡಬೇಕಾದ ಮನೆಗೆ ನನ್ನ ಮಗಳನ್ನ ನಾನೂ ಕೊಡಲ್ಲ.”

ಆಕೆ ತಾಂಬೂಲವನ್ನೂ ಮುಟ್ಟದೆ ಎದ್ದು ಹೋದರು. ಎಲ್ಲರ ಕಣ್ಣೂ ಕಾವೇರಮ್ಮನ ಮೇಲೆ... ಸೊಸೆಗೆ ಇವತ್ತು ಮಂಗಳಾರತಿ ಗ್ಯಾರಂಟಿ!

ಕಾವೇರಮ್ಮ ಎದ್ದು ಬಂದು ಸೊಸೆಯ ನೋಯುವ ಬೆರಳುಗಳನ್ನು ಮೆಲ್ಲಗೆ ಹಿಡಿದುಕೊಂಡರು. ಗಳಗಳನೆ ಅತ್ತುಬಿಟ್ಟರು.

“ಹೋದ್ರೆ ಹೋಗ್ಲಿ ಬಿಡೇ! ಮೊಮ್ಮಗಳಿಗೆ ಬೇರೆ ಗಂಡು ಸಿಗ್ತಾನೆ... ನಂಗೆ ಬೇರೆ ಸೊಸೆ ಎಲ್ಲಿ ಸಿಗ್ತಾಳೆ?”

ನೋವು ಯಾರ ಮೈಯದೋ, ನಿರ್ಧಾರವೂ ಅವರದೇ.

ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಬುದ್ಧಿ ಹೇಳಿದ್ದೀರಿ, ಸರಿ... “ನಿನಗೇನು ಬೇಕು?” ಅಂತ ಯಾವತ್ತಾದರೂ ಕೇಳಿದ್ದೀರಾ?