ಕದಲದ ಕಾರು

ಬುಧವಾರ ರಸ್ತೆ ಗುಡಿಸುವ ಯಂತ್ರ ಬರುವ ದಿನ. ಅಂದು ಯಾರೂ ಮನೆಯ ಮುಂದೆ ಗಾಡಿ ನಿಲ್ಲಿಸುವಂತಿರಲಿಲ್ಲ. ಎದುರುಮನೆಯಲ್ಲಿ ಒಬ್ಬನೇ ಇದ್ದ ಸುಧೀಂದ್ರನ ಕಾರು ಮಾತ್ರ ಹೋದ ವಾರವೂ ಕದಲಿರಲಿಲ್ಲ, ಈ ವಾರವೂ ಇಲ್ಲ. ಮೂಗಿಗೆ ಬಡಿಯುತ್ತಿದ್ದ ನಾತ ಅದರಡಿ ಕೊಳೆತ ಕಸದ್ದೇ ಎಂದುಕೊಂಡು ವನಜಾಕ್ಷಿ ಟೋಯಿಂಗ್ ಗಾಡಿ ಕರೆಸಿದಳು.

“ಬಾಗ್ಲು ಬಡಿದ್ರೂ ತೆಗಿಯಲ್ಲ, ಫೋನೂ ಎತ್ತಲ್ಲ. ಎಷ್ಟು ಕೊಬ್ಬು ನೋಡಿ,” ಎಂದಳು ಮೂಗಿಗೆ ಸೆರಗು ಹಿಡಿದು.

“ಗಾಡಿ ಎತ್ಕೊಂಡು ಹೋಗ್ತೀವಿ ಬಿಡಿ ಅಮ್ಮ, ಆಗ ತಾನಾಗೇ ಓಡಿ ಬರ್ತಾರೆ,” ಎಂದ ಟೋಯಿಂಗ್ ಗಾಡಿಯವನು.

ಕಾರು ಹೋಯಿತು. ಯಾರೂ ಓಡಿ ಬರಲಿಲ್ಲ. ಯಂತ್ರ ಬಂದು ಕಸವನ್ನೆಲ್ಲ ಬಳಿದುಕೊಂಡು ಹೋಯಿತು. ವನಜಾಕ್ಷಿ ತಾನೇ ನಿಂತು ಫಿನಾಯಿಲ್ ಸುರಿದು ತೊಳೆದಳು.

“ಇನ್ನಾದ್ರೂ ಉಸಿರಾಡಬಹುದು,” ಎನ್ನುತ್ತ ಸೆರಗು ಇಳಿಸಿದಳು.

ನಾತ ಹಾಗೆಯೇ ಇತ್ತು. ಸುಧೀಂದ್ರನ ಮುಚ್ಚಿದ ಕಿಟಕಿಯ ಸಂದಿಯಿಂದ ಬರುತ್ತಿತ್ತು.