ಎಡತುದಿಯ ಎಲೆ

“ಆ ಎಡತುದೀಲಿ ಕೂತಿರೋ ಮನುಷ್ಯನ್ನ ಮಾಯ ಮಾಡ್ಬಿಡು. ಕುರುಹೂ ಉಳೀಬಾರ್ದು.”

ಸ್ಟುಡಿಯೋದ ಬಾಗಿಲು ಮುಂದೆ ಮಾಡಿದ ಮೇಲೆಯೇ ಶಾಲೆಯ ಮೇಷ್ಟ್ರು ಗಂಗಾಧರನ್ ಮಾಷ್ ಬಾಯಿ ಬಿಟ್ಟದ್ದು. ಒಟ್ಟಪಾಲ ಊರಿನ ಮದುವೆಗಳ ವಿಡಿಯೋ ಎಡಿಟ್ ಮಾಡುವ ಜಿನ್ಸಿ ಪರದೆಯತ್ತ ಬಾಗಿದಳು. ಮದುವೆಯೂಟದ ಮೊದಲ ಪಂಕ್ತಿ. ಎಡತುದಿಯ ಎಲೆಯ ಮುಂದೆ ಒಬ್ಬ ಮನುಷ್ಯ ಪಾಲಡ ಪಾಯಸಕ್ಕೆ ಹಪ್ಪಳ ಪುಡಿಮಾಡಿ, ಬಾಳೆಹಣ್ಣು ಕಿವುಚಿ, ಮೊಣಕೈವರೆಗೂ ನೆಕ್ಕುತ್ತಿದ್ದ.

“ಮಾಷೇ, ಇದು ನೀವೇ ಅಲ್ವಾ?”

“ಅದೇ ಅಲ್ವೇ ತೊಂದ್ರೆ!”

ಸಕ್ಕರೆ ಕಾಯಿಲೆ ಜೋಡಿಯಾಗಿ ಮನೆಗೆ ಬಂದ ದಿನ ಗಂಡಹೆಂಡತಿ ದೇವರ ಮುಂದೆ ಆಣೆ ಇಟ್ಟಿದ್ದರು: ಸಿಹಿ ಮುಟ್ಟಿದವರು ಬದುಕಿರುವವರೆಗೂ ದಿನಾ ಬೆಳಗ್ಗೆ ಚಹಾದ ಬದಲು ಹಾಗಲಕಾಯಿ ರಸ ಕುಡಿಯತಕ್ಕದ್ದು. ದೇವರು ಮರೆತಾನು, ಹೆಂಡತಿ ಭಾಮಾ ಟೀಚರ್ ಮರೆಯುವವರಲ್ಲ. ಈ ಭಾನುವಾರ ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ಸೋದರ ಸೊಸೆಯ ಮದುವೆ ನೋಡುವುದಿತ್ತು.

“ಟೀಚರ್ ಅವತ್ತೇ ನೋಡ್ಲಿಲ್ವಾ?”

“ತಲೆನೋವು ಅಂತ ಊಟದ ಹಾಲ್ ಕಡೆ ತಲೇನೇ ಹಾಕ್ಲಿಲ್ಲ, ಪಾಪ. ಮಧ್ಯಾಹ್ನವೆಲ್ಲ ಕಾರಲ್ಲಿ ಮಲಗಿದ್ಲು. ಅಂಥಾ ನಿಯತ್ತಿನ ಹೆಂಗಸಿನ ಮುಂದೆ ನಾನು ಕಳ್ಳ ಆಗೋದಾ?”

“ಕತ್ತರಿಸಿದ್ರೆ ಪಕ್ಕದ ಮೇನೋನರ ಕೈ ಹೋಗತ್ತೆ. ಬೇಡ, ನಿಮ್ಮನ್ನ ಕರಗಿಸ್ತೀನಿ.”

ಜಿನ್ಸಿ ಚಿತ್ರದ ಮೇಲೊಂದು ಗೆರೆ ಎಳೆದಳು. ಬಲಕ್ಕೆ ಎಲ್ಲವೂ ದಟ್ಟ. ಎಡಕ್ಕೆ ಸರಿದಷ್ಟೂ ತೆಳು, ತೆಳು, ತುದಿಯಲ್ಲಿ ಏನೂ ಇಲ್ಲ. ಮಾಷ್ ಮಾಷರ ಕಣ್ಣೆದುರೇ ಮಂಜಿನಂತೆ ಕರಗಿದರು. ಅವರಿದ್ದಲ್ಲಿ ಕಪ್ಪು ಕತ್ತಲೆ.

“ಅಯ್ಯೋ, ನನ್ನ ತಿಥಿ ವಿಡಿಯೋ ಥರ ಇದೆಯಲ್ಲೇ!”

“ಸುಮ್ನಿರಿ ಮಾಷೇ. ಮೇಲಿನದು ತೆಳುವಾದಲ್ಲಿ ಅಡೀದು ಕಾಣತ್ತೆ. ಅದರ ಅಡೀಲಿ ಬೇರೆ ದೃಶ್ಯ ಏನಾದ್ರೂ ಹಾಕ್ಬೇಕು, ಅಷ್ಟೇ.”

ಹುಡುಕುವ ಕಷ್ಟವೇ ಇರಲಿಲ್ಲ. ಅವತ್ತು ಕ್ಯಾಮೆರಾ ನೆಟ್ಟ ಜಾಗ ಬಿಟ್ಟು ಕದಲಿರಲಿಲ್ಲ. ಅದೇ ಮೇಜು, ಅದೇ ಕುರ್ಚಿಗಳು. ತಾನಿನ್ನೂ ನೋಡಿರದ ಕೊನೆಯ ಪಂಕ್ತಿಯನ್ನು ಜಿನ್ಸಿ ಅದರಡಿ ಸೇರಿಸಿ ಗುಂಡಿ ಒತ್ತಿದಳು.

ಕತ್ತಲೆ ಕರಗಿತು. ಎಡತುದಿಯ ಎಲೆಯ ಮೇಲೆ ಮೊದಲು ಬಳೆ ತೊಟ್ಟ ಕೈಯೊಂದು ಮೂಡಿತು. ಅದು ಹಪ್ಪಳ ಪುಡಿಮಾಡಿತು, ಬಾಳೆಹಣ್ಣು ಕಿವುಚಿತು. ಆಮೇಲೆ, ಕಣ್ಣು ಅರೆಮುಚ್ಚಿ ಅಂಗೈ ನೆಕ್ಕುತ್ತ, ಭಾಮಾ ಟೀಚರ್ ಇಡಿಯಾಗಿ ಮೂಡಿದರು.

ಮಾಷ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ಮಗಳೇ, ಈ ಅಡೀದನ್ನ ಇನ್ನೊಂಚೂರು ದಟ್ಟ ಮಾಡು.”