ಎರವಲು ಊರುಗೋಲು

ಎರವಲು ತಂದ ಊರುಗೋಲನ್ನು ಕಂಕುಳಲ್ಲಿ ಇರುಕಿಕೊಂಡು ಚಂದ್ರವ್ವ ಸ್ಟೇಷನ್ನಿನ ಬ್ರಿಜ್ ಸರಸರ ಹತ್ತಿದಳು. ಹಿಂದೆ ಯಾರೋ "ಅಜ್ಜೀ, ಅಜ್ಜೀ" ಎಂದು ಕೂಗುತ್ತಿದ್ದರು. ಯಾವ ಮುದುಕಿಯೋ ಪಾಪ ಎಂದುಕೊಂಡು ತಿರುಗದೆ ನಡೆದಳು. ಸರಕಾರಿ ಆಸ್ಪತ್ರೆಯ ಗೇಟು ಕಂಡ ಮೇಲೆ ಕೋಲು ನೆಲಕ್ಕಿಳಿಯಿತು. ಎಡಗಾಲು ಕುಂಟತೊಡಗಿತು.

ಕೀಲುಬೇನೆಗೆ ಸರಕಾರ ಕೊಡುವ ಇಂಜೆಕ್ಷನ್ನಿನ ಬೆಲೆ ಮಗನ ಪಗಾರಕ್ಕಿಂತ ಹೆಚ್ಚು. ಅದಿಲ್ಲದ ಕಾಲದಲ್ಲಿ ಸೊಸೆ ಶೀತಲಳೇ ಅವಳ ತಲೆ ಬಾಚಬೇಕಿತ್ತು. ಮುಂದಿನ ಡೋಸುಗಳಿಗೆ ಇಂದು ಮಂಜೂರಿ ಸಿಗಬೇಕು. ಇಷ್ಟು ದಿನ ಡಾಕ್ಟರ್ ಮಾಧುರಿ ಕಾಗದದ ಮೇಲೆ ಕಾಗದ ಬರೆದು ಕಳಿಸುತ್ತಿದ್ದಳು. ಈಗ ಹೊಸ ಸಾಫ್ಟ್‌ವೇರ್ ಬಂದಿದೆ. ನಾಲ್ಕು ಪ್ರಶ್ನೆ ಕೇಳಿ ಗುಂಡಿ ಒತ್ತಿದರೆ ಕಾಗದಪತ್ರವೆಲ್ಲ ತಾನೇ ತಯಾರು, ತೀರ್ಪೂ ಅಲ್ಲೇ.

"ಮಷೀನಿಗೆ ಕರುಣಾ ಇರಂಗಿಲ್ಲ ನೋಡವ್ವಾ," ಎಂದು ಆಂಟಾಪ್ ಹಿಲ್ಲಿನ ನೆರೆಮನೆಯ ಅಕ್ಬರಬಿ ತನ್ನ ಕೋಲು ಕೊಟ್ಟು ಎಚ್ಚರಿಸಿದ್ದಳು.

ಚಂದ್ರವ್ವನಿಗೆ ಹೇಳಿಕೊಡಬೇಕೇ? ರೇಷನ್ ಆಫೀಸಿಗೆ ಬಂಗಾರದ ಬಳೆ ಬಿಚ್ಚಿಟ್ಟು ಹೋಗುವವಳು ಅವಳು. ಆರೋಗ್ಯವನ್ನೂ ಹಾಗೇ ಬಿಚ್ಚಿಟ್ಟು ಬಂದಿದ್ದಳು. ಮೇಲಾಗಿ ರಾತ್ರಿ ಶಾಲೆಯ ನಾಟಕದಲ್ಲಿ ಸಾಯುವ ಅತ್ತೆಯ ಪಾತ್ರ ಮಾಡಿದ ಅನುಭವ. ಬೇಗ ಸಾಯಿರಿ ಎಂದು ಮಾಸ್ತರರೇ ಪರದೆಯ ಹಿಂದಿನಿಂದ ಬೇಡಿಕೊಂಡಿದ್ದರು.

ಮಾಧುರಿ ತಡವಾಗಿ, ಏದುಸಿರು ಬಿಡುತ್ತ ಬಂದು ಕಂಪ್ಯೂಟರ್ ತೆರೆದಳು.

"ಮುಷ್ಟಿ ಹಿಡೀರಿ ಅಜ್ಜಿ."

"ಬೆರಳ ಮಡಚಾಕ ಬರವಲ್ಲವು ತಾಯಿ."

"ಮೆಟ್ಟಿಲ ಹತ್ತತೀರಾ?"

"ಮೆಟ್ಟಿಲಾ? ಸಂಡಾಸಕ್ಕ ಹೋಗೂದ ಕಾಶಿ ಯಾತ್ರಾ ಆಗೇತಿ."

ಮಾಧುರಿ ತುಟಿ ಕಚ್ಚಿಕೊಂಡಳು. ಕನಿಕರ ಹುಟ್ಟಿತೆಂದು ಚಂದ್ರವ್ವ ಇನ್ನೊಂದಿಷ್ಟು ನರಳಿದಳು.

"ಇಂಜೆಕ್ಷನ್‌ದಿಂದ ಥೋಡಾ ಭೀ ಫರಕ್ ಇಲ್ಲ? ವಿಚಾರ ಮಾಡಿ ಹೇಳ್ರಿ."

"ಎಳ್ಳಷ್ಟೂ ಇಲ್ಲ."

ಮಾಧುರಿ ಗುಂಡಿಯಿಂದ ಬೆರಳು ತೆಗೆದಳು. "ಹಂಗಾದ್ರ ಔಷಧದ ಅಸರ್ ಇಲ್ಲ, ಬಂದ್ ಮಾಡ್ರಿ ಅಂತದ ಈ ಮಷೀನು. ಗುಣ ಕಂಡವ್ರಿಗೆ ಮಾತ್ರ ಮುಂದ ಕೊಡ್ತಾರ ಅಜ್ಜಿ."

ಚಂದ್ರವ್ವ ಕೋಲನ್ನು ಗೋಡೆಗೆ ಒರಗಿಸಿದಳು. ಕೈ ಊರದೆ ನೆಲದ ಮೇಲೆ ಕುಳಿತಳು, ಕೈ ಊರದೆ ಎದ್ದಳು. ಮುಷ್ಟಿ ಬಿಗಿಹಿಡಿದು ಕಂಪ್ಯೂಟರಿನ ಮುಂದೆ ಚಾಚಿದಳು.

"ಬರಕೋ ನನ್ನವ್ವಾ. ಈಗಷ್ಟ ಗುಣ ಆತು."

ತಡೆದಿದ್ದ ನಗೆ ಮಾಧುರಿಯಿಂದ ಒಮ್ಮೆಲೇ ಹೊರಬಿತ್ತು. ಅವಳು ಹಳೆಯ ಉತ್ತರಗಳನ್ನೆಲ್ಲ ಅಳಿಸತೊಡಗಿದಳು.

"ಸಾಕು, ಕೂಡ್ರಿ ಅಜ್ಜಿ. ಬ್ರಿಜ್ ಮ್ಯಾಲೆ ಎಷ್ಟು ಕೂಗಿದೆ, ಹಿಂದಿಂದ ಓಡಿದ್ರೂ ನೀವು ನನಗ ಸಿಗಲಿಲ್ಲ."